ಕೌಶಲ್ಯಾ ನೋಡಿ ಬಂದ ಊರುಗಳು

ಜಹೀರಾಬಾದಿನ ಕೌಶಲ್ಯಾ ನಾಸಿಕ್ ನೋಡಿದ್ದಾಳೆ, ಕೊಲ್ಹಾಪುರ ನೋಡಿದ್ದಾಳೆ, ಉಜ್ಜಯಿನಿ, ಹಂಪಿ, ಮೈಸೂರು ನೋಡಿದ್ದಾಳೆ. ನಂಬಿಕೆ ಬಾರದಿದ್ದರೆ ಅವಳ ಮೊಬೈಲಿನಲ್ಲಿ ಫೋಟೊಗಳಿವೆ. ನಾಸಿಕಿನ ನಳದ ತಿರುಪು ಕಿತ್ತುಹೋಗಿದೆ; ಯಾರೋ ಸೈಕಲ್ ಟ್ಯೂಬು ಬಿಗಿದು ನೀರು ನಿಲ್ಲಿಸಿದ್ದಾರೆ. ಕೊಲ್ಹಾಪುರದ ನಳ ಗೋಡೆಗೆ ಎಷ್ಟು ಹತ್ತಿರವೆಂದರೆ ಕೆಳಗೆ ಕೊಡ ಕೂರುವುದಿಲ್ಲ, ಚೊಂಬಿನಿಂದ ಹಿಡಿದು ಹಿಡಿದು ತುಂಬಿಸಿಕೊಳ್ಳಬೇಕು. ಉಜ್ಜಯಿನಿಯದು ನಳವೇ ಅಲ್ಲ, ಟ್ಯಾಂಕರಿನ ಬಾಯಿ. ಮೈಸೂರಿನದು ಮಾತ್ರ ರಾಜಯೋಗದ ನಳ: ನೀರು ಧಾರಾಳ, ಕೆಳಗೆ ಕಟ್ಟೆ, ಪಕ್ಕದಲ್ಲಿ ಮರದ ನೆರಳು. ಆ ಊರಿನಲ್ಲಿ ಒಂದು ಅರಮನೆಯೂ ಇದೆಯಂತೆ. ಅದರ ಫೋಟೊ ಅವಳ ಗಂಡನ ಹತ್ತಿರ ಇದೆ.

ಗಂಡ ಆತ್ಮಾರಾಮ ಛಾಯಾಗ್ರಾಹಕ. ಜಹೀರಾಬಾದಿನ ಬಸ್ ನಿಲ್ದಾಣದ ಎದುರು ಅವನದೊಂದು ಸ್ಟುಡಿಯೊ ಇದೆ. ಮದುವೆ, ಬಸುರಿಯ ಕುಬಸ, ಪಾಸ್‌ಪೋರ್ಟ್ ಸೈಜು ಎಂದು ಅರ್ಧ ಆಯುಷ್ಯ ಕಳೆದ ಮೇಲೆ ಅವನಿಗೆ ತಾನು ಹುಟ್ಟಿದ್ದು ಇದಕ್ಕಲ್ಲ ಎಂಬ ಅರಿವು ಮೂಡಿತು. ದೊಡ್ಡ ಕ್ಯಾಮರಾ ಕೊಂಡ. ಉದ್ದ ಲೆನ್ಸು ಕೊಂಡ. ತುಂಬ ಜೇಬುಗಳಿರುವ ಒಂದು ಖಾಕಿ ಜಾಕೀಟು ಕೊಂಡ. ಆ ಜೇಬುಗಳಲ್ಲಿ ಏನೇನಿವೆ ಎಂಬುದು ಅದನ್ನು ಒಗೆಯುವಾಗ ಕೌಶಲ್ಯಾಗೆ ಮಾತ್ರ ತಿಳಿಯುತ್ತಿತ್ತು. ಫೇಸ್‌ಬುಕ್ಕಿನಲ್ಲಿ ‘ಅಲೆಮಾರಿ ಆತ್ಮ’ ಎಂಬ ಪುಟ ತೆರೆದ. ಹೊಸ ಹೊಸ ಊರುಗಳಿಗೆ ಹೋಗುವುದು, ಅಲ್ಲಿನ ಗಲ್ಲಿಗಳಲ್ಲಿ ಸುತ್ತುವುದು, ಸಾಮಾನ್ಯ ಜನರ ದಿನನಿತ್ಯದ ಬದುಕನ್ನು ಅವರಿಗೇ ಗೊತ್ತಾಗದಂತೆ ಹಿಡಿಯುವುದು ಅವನ ಕಲೆ. ಆ ಪುಟದಲ್ಲಿ ಹೆಂಗಸರು ಕೊಡ ಹೊರುತ್ತಾರೆ, ಬಟ್ಟೆ ಹಿಂಡುತ್ತಾರೆ, ಹಪ್ಪಳ ಒಣಹಾಕುತ್ತಾರೆ, ಅಂಗಳ ಗುಡಿಸುತ್ತಾರೆ. ಕೆಳಗೆ ಅವನು ‘ಶ್ರಮದಲ್ಲಿ ಸೌಂದರ್ಯ’ ಎಂದು ಬರೆಯುತ್ತಾನೆ. ಅವನು ಹಾಗೆ ಬರೆಯುತ್ತಿರುವಾಗ ಕೌಶಲ್ಯಾ ನೆಲ ಒರೆಸುತ್ತ ಬಂದರೆ, ಮೊಬೈಲಿನಿಂದ ಕಣ್ಣು ತೆಗೆಯದೆ ಎರಡೂ ಕಾಲುಗಳನ್ನು ಮೇಲಕ್ಕೆತ್ತುತ್ತಾನೆ. ಅವಳು ಮುಂದೆ ಸರಿದ ಮೇಲೆ ಇಳಿಸುತ್ತಾನೆ. ಮನೆಗೆಲಸದಲ್ಲಿ ಅವನು ನೀಡುವ ಸಹಕಾರ ಅಷ್ಟು.

ಈ ಕಲೆಯ ಖರ್ಚಿಗೆ ಹಣ ಹುಟ್ಟಿಸಲೆಂದೇ ಅವನು ಪ್ರವಾಸದ ಬಸ್ಸು ಶುರು ಮಾಡಿದ. ಪ್ರತಿ ವರ್ಷ ತೊಗರಿ ರಾಶಿ ಮುಗಿದು ಕಬ್ಬು ಕಾರ್ಖಾನೆಗೆ ಹೋದ ಮೇಲೆ ತುಳಜಪ್ಪನೆಂಬ ಡ್ರೈವರನ ಬಸ್ಸನ್ನು ಗೊತ್ತು ಮಾಡುತ್ತಾನೆ. ಜಹೀರಾಬಾದು, ನಾರಾಯಣಖೇಡ, ಮನೂರಿನ ಕಡೆಯ ಒಕ್ಕಲು ಮನೆತನದವರು ಗಂಡ ಹೆಂಡತಿ ಸಮೇತ ಹೊರಡುತ್ತಾರೆ. ಕರಪತ್ರದಲ್ಲಿ ದಪ್ಪ ಅಕ್ಷರಗಳಲ್ಲಿ ‘ದಿನಾಲು ಬಿಸಿ ರೊಟ್ಟಿ, ಮನೆ ಊಟದ ಸೌಲಭ್ಯ’ ಎಂದಿರುತ್ತದೆ. ಆ ಸೌಲಭ್ಯದ ಹೆಸರು ಕೌಶಲ್ಯಾ.

ಈ ಕಡೆಯ ಗಂಡಸರಿಗೆ ಹೊರಗಿನ ಊಟ ಒಗ್ಗುವುದಿಲ್ಲ. ಹೊರಗಿನ ಚಹಾ ಒಗ್ಗುತ್ತದೆ, ಮಿರ್ಚಿ ಭಜಿ ಒಗ್ಗುತ್ತದೆ, ಇನ್ನೂ ಕೆಲವು ಒಗ್ಗುತ್ತವೆ. ಊಟ ಮಾತ್ರ ಒಗ್ಗುವುದಿಲ್ಲ. ಹೊಟ್ಟೆಗೆ ಜೋಳದ ರೊಟ್ಟಿಯೇ ಬೇಕು, ಅದೂ ಹಂಚಿನಿಂದ ಆಗಷ್ಟೇ ಇಳಿದದ್ದು. ಖಡಕ್ ರೊಟ್ಟಿ ಮಾಡಿ ಗಂಟು ಕಟ್ಟಿಕೊಂಡು ಹೋದರಾಯಿತಲ್ಲ ಎಂದು ಒಂದು ವರ್ಷ ಹೆಂಗಸರು ಹೇಳಿ ನೋಡಿದ್ದರು. “ಊರ ಬಿಟ್ಟು ಊರಿಗಿ ಹೋಗಿ ಒಣಾ ರೊಟ್ಟಿ ಕಡೀಬೇಕಾ?” ಎಂದು ಬಸ್ಸಿಗೆ ಬಸ್ಸೇ ಮುಖ ಸಿಂಡರಿಸಿತ್ತು. ಹಾಗಾಗಿ ಬಸ್ಸಿನ ಹೊಟ್ಟೆಯಲ್ಲಿ ಒಲೆ, ಸಿಲಿಂಡರು, ಹಿಟ್ಟಿನ ಚೀಲ, ಹಿಟ್ಟು ನಾದುವ ಪರಾತ, ಹಂಚುಗಳ ಜೊತೆಗೆ ಒಂದು ಕಲ್ಲೂ ಪ್ರವಾಸ ಹೊರಡುತ್ತದೆ. ತಾಂಡೂರಿನ ನೀಲಿ ಹಾಸುಗಲ್ಲು. ಅಲ್ಲಿ ಕಲ್ಲು ಪಾಲಿಶ್ ಮಾಡುವ ಘಟಕ ಇಟ್ಟುಕೊಂಡವರ ಮನೆಗೆ ಕೊಟ್ಟ ನಾದಿನಿ ಸ್ವರೂಪಾ, ‘ವೈನಿಗಿ ರೊಟ್ಟಿ ಬಡೀಲಾಕ ಇರಲಿ’ ಎಂದು ನಾಲ್ಕೂ ಮೂಲೆ ದುಂಡಗೆ ಮಾಡಿಸಿ ಅತ್ತಿಗೆಗೆ ಕಳಿಸಿದ್ದು. ಒಂದು ಮೂಲೆ ಆಟೋದಲ್ಲಿ ಬರುವಾಗಲೇ ಮುಕ್ಕಾಗಿತ್ತು.

ಬಸ್ಸು ಯಾವ ಊರಿಗೆ ಹೋಗಲಿ, ನಿಂತ ಕೂಡಲೇ ನಡೆಯುವುದು ಒಂದೇ. ಮುಂದಿನ ಬಾಗಿಲಿನಿಂದ ಇಳಿದ ಗಂಡಸರು ಗುಡಿ, ಕೋಟೆ, ಪೇಟೆಯ ಕಡೆಗೆ ಹೋಗುತ್ತಾರೆ. ಹಿಂದಿನ ಬಾಗಿಲಿನಿಂದ ಇಳಿದ ಹೆಂಗಸರು ನಳ ಹುಡುಕುತ್ತಾರೆ. ಮುಂದಿನ ವರ್ಷ ಬಂದರೆ ತುಳಜಪ್ಪನಿಗೆ ಎಲ್ಲಿ ನಿಲ್ಲಿಸಬೇಕೆಂದು ತೋರಿಸಲಿಕ್ಕೆ ಅನುಕೂಲವಾಗಲಿ ಎಂದು ಕೌಶಲ್ಯಾ ಆ ನಳದ ಫೋಟೊ ತೆಗೆದುಕೊಳ್ಳುತ್ತಾಳೆ. ಬೆಳಕು ಯಾವ ಕಡೆಯಿಂದ ಬೀಳುತ್ತಿದೆ ಎಂದು ಅವಳು ನೋಡುವುದಿಲ್ಲ. ನೀರು ಬೀಳುತ್ತಿದೆಯೋ ಇಲ್ಲವೋ ನೋಡುತ್ತಾಳೆ.

“ನಾ ಕುರಿ ಹಿಂದ ನಡದು ನಡದು ಅರ್ಧಾ ಸೀಮಿ ನೋಡೀನಿ,” ಎಂದು ಅಮೃತಬಾಯಿ ಹೇಳುವುದುಂಟು. ಅವಳು ಮನೂರಿನ ಕುರಿ ಸಾಕುವ ಮನೆಯವಳು, ಕೌಶಲ್ಯಾಳ ತವರಿನ ಓಣಿಯವಳೇ. “ಬಸ್ಸಿನಾಗ ಕುಂತು ಬಂದು ಪಾರ್ಕಿಂಗ್ ನೋಡೀನಿ. ಕುರೀನೇ ಛಲೋ ನೋಡವ್ವ. ಮುಂದ ಹೋಗ್ತಾವ ಖರೆ, ತಿರುಗಿ ಬಂದು ಬಿಸಿ ರೊಟ್ಟಿ ಕೇಳಲ್ಲ.”

ಕೌಶಲ್ಯಾಗೆ ಕೋಟೆ ಕಾಣದ್ದರ, ಅರಮನೆ ತಪ್ಪಿದ್ದರ ಬೇಸರವಿರಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಸಮುದ್ರ.

ಅದಕ್ಕೂ ಕಾರಣ ಆತ್ಮಾರಾಮನೇ. ಮದುವೆಯಾದ ವಾರದಲ್ಲಿ ಅವನು ಅವಳನ್ನು ಸ್ಟುಡಿಯೊಗೆ ಕರೆದುಕೊಂಡು ಹೋಗಿ ಒಂದು ಪರದೆಯ ಮುಂದೆ ನಿಲ್ಲಿಸಿದ್ದ. ಪರದೆಯ ಮೇಲೆ ಹಸಿರು ಸಮುದ್ರ, ವಾರೆಯಾದ ಎರಡು ತೆಂಗಿನ ಮರ, ಒಂದು ಹಡಗು. ಟೈಮರ್ ಒತ್ತಿ ಓಡಿಬಂದು ಪಕ್ಕದಲ್ಲಿ ನಿಂತವನು, “ಸದ್ಯಕ್ಕ ಇದು. ಖರೇ ಸಮುದ್ರ ಆಮ್ಯಾಲ ತೋರಸ್ತೀನಿ,” ಅಂದಿದ್ದ. ಮಳೆ ಬಂದರೂ ಕೆರೆ ತುಂಬದ ಊರಿನಿಂದ ಬಂದ ಹುಡುಗಿ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಮಗಳು ಶೃತಿ ಹುಟ್ಟಿದಳು, ಓದಿದಳು, ಸಂಗಾರೆಡ್ಡಿಯ ಹಾಸ್ಟೆಲ್ಲಿಗೂ ಹೋದಳು. ‘ಆಮ್ಯಾಲ’ ಬರಲಿಲ್ಲ. ಪರದೆಯ ಸಮುದ್ರಕ್ಕೆ ದೂಳು ಕೂತಾಗಲೆಲ್ಲ ಒದ್ದೆ ಬಟ್ಟೆಯಿಂದ ಅದನ್ನು ಒರೆಸುವವಳು ಕೌಶಲ್ಯಾಳೇ. ಒರೆಸಿ ಒರೆಸಿ ಹಡಗು ಮಾಸಿಹೋಯಿತು.

ಅವರ ಮನೆ ಇರುವುದು ಹೆದ್ದಾರಿಯ ಮಗ್ಗುಲಲ್ಲಿ. ಪ್ರತಿ ಸಂಜೆ ಅವಳು ಬಾಗಿಲಿಗೆ ನೀರು ಹಾಕುವ ಹೊತ್ತಿಗೆ ಹೈದರಾಬಾದಿನ ಕಡೆಯಿಂದ ‘ಮುಂಬೈ’ ಎಂದು ಬೋರ್ಡು ಹಾಕಿಕೊಂಡ ಬಸ್ಸೊಂದು ಬರುತ್ತದೆ. ಹಾಕಿದ ನೀರಿನ ಮೇಲೆ ದೂಳೆಬ್ಬಿಸಿ ಹೋಗುತ್ತದೆ.

ಹೋದ ವರ್ಷ ಆತ್ಮಾರಾಮ ಮುಂಬೈಗೆ ಪ್ರವಾಸ ಹೊರಡಿಸಿದಾಗ ಅವಳು ಮೊದಲೇ ಮಾತು ತೆಗೆದುಕೊಂಡಳು.

“ಅಲ್ರೀ, ಈ ಸಲ ಸಮುದ್ರ ತೋರಸ್ತೀರಿಲ್ಲೊ?”

“ಮುಂಬೈಗಿ ಹೋಗಿ ಸಮುದ್ರ ನೋಡದs ಬರ್ತಾರೇನು? ಹುಚ್ಚಿ!”

ಹಿಟ್ಟು ಎರಡು ಚೀಲ ಹೆಚ್ಚೇ ಬೀಸಿಸಿದಳು.

ಮುಂಬೈಯಲ್ಲಿ ಬಸ್ಸು ಒಂದು ಬಯಲಿನ ಪಾರ್ಕಿಂಗಿನಲ್ಲಿ ನಿಂತಿತು. ಗಂಡಸರು ಇಳಿದು ಹೋದರು. ಆತ್ಮಾರಾಮ ಜಾಕೀಟು ಹಾಕಿಕೊಂಡು, “ಸಂಜಿಗಿ ಬರ್ತೀವಿ, ರೊಟ್ಟಿ ಮಾಡಿಟ್ಟಿರ್ರಿ. ಆಮ್ಯಾಲ ಎಲ್ಲಾರೂ ಕೂಡಿ ಸಮುದ್ರಕ್ಕ ಹೋಗಮು,” ಎಂದು ಹೇಳಿ ಕ್ಯಾಮರಾ ಹೆಗಲಿಗೇರಿಸಿದ. ಒಲೆ ಇಳಿಸುವಷ್ಟರಲ್ಲಿ ಪೊಲೀಸನೊಬ್ಬ ಬಂದು ಇಲ್ಲಿ ಅಡುಗೆ ಮಾಡುವಂತಿಲ್ಲ, ಬಸ್ಸು ತೆಗೆಯಿರಿ ಎಂದ. ತುಳಜಪ್ಪ ಅಲ್ಲಿ ಇಲ್ಲಿ ಸುತ್ತಿ ಕೊನೆಗೆ ಒಂದು ದೊಡ್ಡ ರಸ್ತೆಯ ಬದಿಯಲ್ಲಿ, ಪಾದಚಾರಿಗಳ ಮೇಲುಸೇತುವೆಯೊಂದರ ಹತ್ತಿರ ನಿಲ್ಲಿಸಿದ. ಒಂದು ಕಡೆ ವಾಹನಗಳ ಅಬ್ಬರ, ಇನ್ನೊಂದು ಕಡೆ ಯಾವುದೋ ಕಾಮಗಾರಿಗಾಗಿ ಆಳೆತ್ತರಕ್ಕೂ ಮಿಗಿಲಾಗಿ ನಿಲ್ಲಿಸಿದ್ದ ನೀಲಿ ತಗಡುಗಳ ಸಾಲು. ಕೌಶಲ್ಯಾ ತಗಡಿಗೆ ಬೆನ್ನು ಹಾಕಿ ಕೂತಳು. ಗಾಳಿ ಜೋರಾಗಿತ್ತು, ಹಂಚಿನ ಮೇಲೆ ಸುಡುವ ಹಿಟ್ಟಿನ ಹೊಗೆ ಕಣ್ಣಿಗೆ ಹೋಗದಂತೆ ಸೆರಗನ್ನು ಮುಖದ ತುಂಬ ಎಳೆದುಕೊಂಡು ಕಲ್ಲಿನ ಮೇಲೆ ರೊಟ್ಟಿ ಬಡಿಯತೊಡಗಿದಳು.

“ತುಳಜಪ್ಪಣ್ಣ, ಸಮುದ್ರ ಎಲ್ಲಿ ಬರ್ತದ?”

“ಇಲ್ಲೇ ಎಲ್ಲ್ಯಾರೆ ಇರಬೇಕು ತಾಯಿ. ಸಾಹೇಬ್ರು ಬರಲಿ, ಕೇಳಮು.”

ಹಿಂದೆಲ್ಲೋ ಒಂದೇ ಸಮ ಮೊರೆತ ಕೇಳುತ್ತಿತ್ತು. ಇಷ್ಟು ದೊಡ್ಡ ಊರು, ಎಷ್ಟು ಲಾರಿಗಳೋ ಎಂದುಕೊಂಡಳು ಕೌಶಲ್ಯಾ.

ಬಸ್ಸು ಹುಡುಕುತ್ತ ಹುಡುಕುತ್ತ ಗಂಡಸರು ಬಂದು ಸೇರಿದ್ದು ಕತ್ತಲಾದ ಮೇಲೆ. ಹಸಿದಿದ್ದರು. ಹೆಂಗಸರು ಬಡಿದಂತೆಲ್ಲ ತಿಂದರು. ಅಮೃತಬಾಯಿಯ ಗಂಡ ಮಾಳಿಂಗಪ್ಪ ಕೈ ತೊಳೆಯುತ್ತ, “ಸಮುದ್ರ ಮಸ್ತ ಅದ ಬಿಡು, ನೀರೇ ನೀರು,” ಎಂದು ವರದಿ ಒಪ್ಪಿಸಿದ. ಕೌಶಲ್ಯಾ ಪಾತ್ರೆ ತೊಳೆದು ಮುಗಿಸುವಷ್ಟರಲ್ಲಿ ಶಿರಡಿಗೆ ಹೊರಡುವ ಹೊತ್ತಾಗಿತ್ತು.

“ರೀ, ಸಮುದ್ರ?”

“ಸಮುದ್ರ ಯಾನ ಓಡಿ ಹೋಗ್ತದೇನು? ಅಲ್ಲೇ ಇರ್ತದ,” ಎಂದ ಆತ್ಮಾರಾಮ, ಕ್ಯಾಮರಾದ ಪರದೆಯಿಂದ ಕಣ್ಣೆತ್ತದೆ. “ಇವತ್ತ ಒಂದು ಫೋಟೊ ಸಿಕ್ಕದ ನೋಡು, ಜೀವಮಾನದಾಗ ಒಂದs ಸಿಗೂದು ಅಂಥಾದ್ದು.”

ಆ ಫೋಟೊಗೆ ತಾಂಡೂರಿನಲ್ಲಿ ಬಹುಮಾನ ಬಂತು. ಅಲ್ಲಿಯ ಛಾಯಾಗ್ರಾಹಕರ ಸಂಘವೊಂದು ಕಲ್ಯಾಣಮಂಟಪದಲ್ಲಿ ಪ್ರದರ್ಶನ ಏರ್ಪಡಿಸಿತ್ತು. ಬಾಗಿಲಿನಷ್ಟು ದೊಡ್ಡದಾಗಿ ಅಚ್ಚು ಹಾಕಿಸಿದ ಆ ಚಿತ್ರ ವೇದಿಕೆಯ ಪಕ್ಕದಲ್ಲಿ ನಿಂತಿತ್ತು. ಎತ್ತರದಿಂದ ತೆಗೆದದ್ದು. ಹೊಗೆಯ ನಡುವೆ ಕುಕ್ಕುರುಗಾಲಿನಲ್ಲಿ ಕೂತ ಹೆಂಗಸು. ಸೆರಗಿನಲ್ಲಿ ಮುಚ್ಚಿಹೋದ ಮುಖ, ಎತ್ತಿದ ಕೈ, ಕೈಯ ಕೆಳಗೆ ಚಂದ್ರನಂಥ ರೊಟ್ಟಿ. ಕೆಳಗೆ ಹೆಸರು: ‘ಮಹಾನಗರದ ಅಜ್ಞಾತ ತಾಯಿ’.

ಮೊದಲ ಸಾಲಿನಲ್ಲಿ ಕೌಶಲ್ಯಾ, ಅವಳ ಜೊತೆ ಬಂದ ಅಮೃತಬಾಯಿ, ಆ ಊರಿನವಳೇ ಆದ ನಾದಿನಿ ಸ್ವರೂಪಾ ಕೂತಿದ್ದರು. ಹಾರ ಹಾಕಿಸಿಕೊಂಡ ಆತ್ಮಾರಾಮ ಮೈಕು ಹಿಡಿದು ಅರ್ಧ ತೆಲುಗಿನಲ್ಲಿ, ಅರ್ಧ ಕನ್ನಡದಲ್ಲಿ ಮಾತಾಡಿದ. ಮುಂಬೈಯಲ್ಲಿ ಪಾದಚಾರಿಗಳ ಮೇಲುಸೇತುವೆ ಏರಿ ನಿಂತಾಗ ಆ ತಾಯಿ ಕಣ್ಣಿಗೆ ಬಿದ್ದಳಂತೆ. ಅವಳ ಕಣ್ಣುಗಳಲ್ಲಿ ಅವನಿಗೆ ಸಾವಿರ ಕತೆ ಕಂಡವಂತೆ. ಚಿತ್ರದಲ್ಲಿ ಕಣ್ಣುಗಳೇ ಇರಲಿಲ್ಲ, ಯಾರೂ ಕೇಳಲಿಲ್ಲ. ಆಮೇಲೆ ಕೆಳಗಿಳಿದು ಹೋಗಿ ಮಾತಾಡಿಸಿದನಂತೆ. ‘ಅಮ್ಮಾ, ನಿನ್ನ ಹೆಸರೇನು’ ಎಂದರೆ ‘ನಮ್ಮಂಥವರಿಗೆ ಹೆಸರು ಯಾಕೆ ಬೇಟಾ’ ಎಂದಳಂತೆ. “ತನಗೇ ಇಲ್ಲದ ಆ ತಾಯಿ ನನಗೊಂದು ಬಿಸಿ ರೊಟ್ಟಿ ಕೊಟ್ಟಳು. ಆ ರುಚಿ ನಾನು ಜನ್ಮದಲ್ಲೇ ಉಂಡಿರಲಿಲ್ಲ!” ಎಂದು ಮಾತು ಮುಗಿಸಿದ. ಜನ ಚಪ್ಪಾಳೆ ತಟ್ಟಿದರು.

ಸ್ವರೂಪಾ ಚಪ್ಪಾಳೆ ತಟ್ಟಲಿಲ್ಲ. ಎದ್ದು ಚಿತ್ರದ ಹತ್ತಿರ ಹೋಗಿ ಬಗ್ಗಿ ನೋಡಿದಳು. ಕಲ್ಲಿನ ವ್ಯವಹಾರದ ಮನೆ. ಎಲ್ಲರೂ ರೊಟ್ಟಿ ನೋಡುವಾಗ ಅವಳು ರೊಟ್ಟಿಯ ಅಡಿಗೆ ಏನಿದೆ ಎಂದು ನೋಡುವವಳು.

“ಅಣ್ಣಾ,” ಎಂದಳು. ಮೈಕು ಬೇಕಾಗಲಿಲ್ಲ. “ಮುಂಬೈನಾಗ ತಾಂಡೂರ ಕಲ್ಲ ಎಲ್ಲಿಂದ ಬಂತೋ? ಅದೂ ಮೂಲಿ ಮುಕ್ಕಾದದ್ದು?”

ಹಿಂದಿನ ಸಾಲುಗಳಲ್ಲಿ ಕೂತಿದ್ದ ಅರ್ಧ ಊರೇ ಕಲ್ಲಿನ ಗಣಿಯಲ್ಲಿ ಬದುಕುವ ಜನ. ಅವರೂ ಕತ್ತು ಚಾಚಿದರು.

“ಇದು ನಾ ವೈನಿಗಿ ಕೊಟ್ಟ ಕಲ್ಲು. ವೈನೀ, ಇದು ನೀನs ಅದಿ!”

“ಅಯ್ಯ, ಹೌದs ನೋಡು!” ಅಮೃತಬಾಯಿ ಬಾಯಿಗೆ ಸೆರಗು ಅಡ್ಡ ಹಿಡಿದರೂ ನಗು ಹೊರಗೆ ಬಂತು. “ಬಾಜೂಕ ನನ್ನ ಮೊಣಕಾಲ ಬಂದದ! ಹಿಟ್ಟ ನಾದಾಕಿ ನಾನs. ಅಲ್ರೀ ಸಾಹೇಬ್ರ, ನಾವು ಯಾವಾಗ ನಿಮಗ ಬೇಟಾ ಅಂದೆವು?”

ಮುಂದೆ ಆ ಸಭೆ ಸಭೆಯಾಗಿ ಉಳಿಯಲಿಲ್ಲ. ಆತ್ಮಾರಾಮ ಹಾರವನ್ನು ತೆಗೆಯಬೇಕೋ ಬೇಡವೋ ತಿಳಿಯದೆ ಒಂದು ಕೈಯಲ್ಲಿ ಹಿಡಿದುಕೊಂಡು ನಿಂತ. “ಬಸ್ಸು ಪಾರ್ಕಿಂಗಿನಾಗ ಇತ್ತಲ್ಲ... ನನಗ ಹ್ಯಾಂಗ ಗೊತ್ತಾಗಬೇಕು,” ಎಂದು ಗೊಣಗಿದ. ಬಳಿಕ ತುಸು ಚೇತರಿಸಿಕೊಂಡು, ಕಲಾವಿದನ ಕಣ್ಣು ಹೆಂಡತಿ, ತಾಯಿ ಎಂದು ಭೇದ ಮಾಡುವುದಿಲ್ಲ ಎಂದ. ನ್ಯಾಯವಾಗಿ ನೋಡಿದರೆ ಅವನು ಅಂದು ಹೇಳಿದ್ದರಲ್ಲಿ ಒಂದು ಮಾತು ಸುಳ್ಳಲ್ಲ. ಆ ತಾಯಿಯ ಕೈಯ ಬಿಸಿ ರೊಟ್ಟಿಯನ್ನು ಅವನು ತಿಂದದ್ದು ಖರೆ. ಒಂದಲ್ಲ, ಹೊಟ್ಟೆ ತುಂಬ.

ಇಷ್ಟೆಲ್ಲ ಗದ್ದಲದಲ್ಲಿ ಕೌಶಲ್ಯಾ ಚಿತ್ರದ ಮುಂದೆ ನಿಂತಿದ್ದಳು. ತನ್ನನ್ನು ತಾನು ನೋಡಿಕೊಳ್ಳುತ್ತಿದ್ದಾಳೆ ಎಂದು ಎಲ್ಲರೂ ತಿಳಿದರು. ಅವಳು ನೋಡುತ್ತಿದ್ದದ್ದು ಚಿತ್ರದ ಮೇಲಂಚನ್ನು. ಅಲ್ಲಿ ತಗಡುಗಳ ಸಾಲಿನ ಆಚೆ, ಇಡೀ ಅಗಲಕ್ಕೆ, ಬೂದು ನೀಲಿಯ ಒಂದು ಪಟ್ಟಿ ಹರಡಿತ್ತು.

“ರೀ, ಈ ಮ್ಯಾಲ ಇರೂದು ಯಾನು?”

ಆತ್ಮಾರಾಮನಿಗೆ ಮಾತು ಬದಲಾದದ್ದೇ ಸಾಕಾಗಿತ್ತು. “ಅದು ಸಮುದ್ರ. ಅದs ಈ ಫ್ರೇಮಿನ ಮಜಾ. ಮುಂದ ಬೆಂಕಿ, ಹಿಂದ ನೀರು.”

“ನನ್ನ ಬೆನ್ನ ಹಿಂದ ಇತ್ತಾ?”

“ಹ್ಞೂಂ ಮತ್ತ.”

ಅವಳು ಕೈ ಎತ್ತಿ ಆ ಪಟ್ಟಿಯನ್ನು ಮುಟ್ಟಿದಳು. ಪರದೆ ಒರೆಸಿದ ಅಭ್ಯಾಸಕ್ಕೋ ಏನೋ, ಬೆರಳಿನಿಂದ ಒಮ್ಮೆ ಒರೆಸಿಯೂ ನೋಡಿದಳು.

ಆತ್ಮಾರಾಮನಂಥವರನ್ನು ನಾಚಿಕೆ ಹೆಚ್ಚು ಹೊತ್ತು ಕಾಡುವುದಿಲ್ಲ. ಮಾರನೆಯ ದಿನವೇ ಅವನು ‘ಅಲೆಮಾರಿ ಆತ್ಮ’ದಲ್ಲಿ ಆ ಚಿತ್ರದ ಹೆಸರು ಬದಲಿಸಿ ‘ನನ್ನ ಸ್ಫೂರ್ತಿ, ನನ್ನ ಅರ್ಧಾಂಗಿ’ ಎಂದು ಹಾಕಿದ. ಅಜ್ಞಾತ ತಾಯಿಗೆ ಬಂದದ್ದಕ್ಕಿಂತ ಹೆಚ್ಚು ಲೈಕುಗಳು ಅರ್ಧಾಂಗಿಗೆ ಬಂದವು. ಹೆಂಡತಿಯನ್ನು ಗೌರವಿಸುವ ಗಂಡಸರು ಈಗೆಲ್ಲಿದ್ದಾರೆ ಎಂದು ಜನ ಬರೆದರು. ಅವನು ಒಬ್ಬೊಬ್ಬರಿಗೂ ಕೈಮುಗಿಯುವ ಚಿತ್ರ ಕಳಿಸಿದ. ಅವತ್ತು ಮಧ್ಯಾಹ್ನ ಉಣ್ಣುವಾಗ ಅವನಿಗೆ ಇನ್ನೂ ದೊಡ್ಡ ಯೋಚನೆ ಹೊಳೆಯಿತು.

“ಶೃತಿ ಅವ್ವಾ, ನೀ ಸಮುದ್ರ ನೋಡೇ ಇಲ್ಲಲ್ಲ?”

ಕೌಶಲ್ಯಾ ರೊಟ್ಟಿ ತಿರುವುತ್ತಿದ್ದವಳು ನಿಂತಳು.

“ಹಂಗೇ ಇರು. ನೋಡಬ್ಯಾಡ. ಟಿವಿಯಾಗ ಬಂದ್ರೂ ನೋಡಬ್ಯಾಡ. ಬರೋ ವರ್ಷ ನಾನs ಕರಕೊಂಡು ಹೋಗ್ತೀನಿ. ಕಣ್ಣಿಗಿ ಪಟ್ಟಿ ಕಟ್ಟಿ ದಂಡಿಗಿ ನಿಂದ್ರಸ್ತೀನಿ, ಪಟ್ಟಿ ಬಿಚ್ಚಿದ ಕೂಡ್ಲೇ ನಿನ್ನ ಮಾರಿ ಫೋಟೊದಾಗ ಹಿಡೀತೀನಿ. ಮದಲನೇ ಸಲ ಸಮುದ್ರ ನೋಡಾಕಿ ಮಾರಿ! ಅಂಥಾ ಮಾರಿ ರೊಕ್ಕ ಕೊಟ್ರೂ ಸಿಗಲ್ಲ. ನಾ ಇಲ್ಲದs ನೋಡಿಗೀಡಿ ಕೆಡಿಸೀಯ ಮತ್ತ.”

“ರೊಟ್ಟಿ?” ಎಂದಳು ಕೌಶಲ್ಯಾ.

“ಅದು ಮಾಡಾಕs ಬೇಕಲ್ಲ. ಬಸ್ಸಿನ ಮಂದಿ ಉಪಾಸ ಇರ್ತಾರೇನು? ಮದಲ ರೊಟ್ಟಿ ಮಾಡಿ ಮುಗಸು, ಆಮ್ಯಾಲ ಫೋಟೊ. ಕೈಯಾಗ ಹಿಟ್ಟ ಹತ್ತಿದ್ರ ಇನ್ನೂ ಛಲೋ.”

ಇಷ್ಟು ವರ್ಷ ಸಮುದ್ರವನ್ನು ಅವಳಿಂದ ಮುಂದೂಡಿದ್ದ. ಈಗ ಅವಳು ಅದನ್ನು ಮೊದಲ ಸಲ ನೋಡುವ ಗಳಿಗೆಯನ್ನೇ ತನ್ನ ಜೇಬುಗಳ ಜಾಕೀಟಿಗೆ ಹಾಕಿಕೊಳ್ಳಲು ಹೊರಟಿದ್ದ. ಕೌಶಲ್ಯಾ ಉಳಿದ ರೊಟ್ಟಿಗಳನ್ನೂ ಬಡಿದಳು, ಅವನಿಗೆ ಬಡಿಸಿದಳು, ತಾನೂ ಉಂಡಳು, ಪಾತ್ರೆ ತೊಳೆದಳು. ಆಮೇಲೆ ಮಗಳಿಗೆ ಫೋನು ಮಾಡಿದಳು.

“ಶೃತಿ, ಆ ಮುಂಬೈ ಬಸ್ಸಿಗಿ ಸೀಟ ಹ್ಯಾಂಗ ಹಿಡೀತಾರ ಬೇ?”

“ಪಪ್ಪ ಹೊಂಟಾರಾ?”

“ಇಲ್ಲ. ನಾನು, ನಿಮ್ಮ ಅಮೃತ ಕಾಕಿ, ಇನ್ನಾ ಬಸ್ಸಿನಾಗ ರೊಟ್ಟಿ ಮಾಡಾಕಿಗಳು ಯಾರ್ಯಾರು ಬರ್ತಾರ, ಅವರು.”

ಶೃತಿ, “ಕಿಡಕಿ ಬಾಜೂಕ ಬೇಕಾ ಅವ್ವ?” ಎಂದು ಕೇಳಿದಳು.

ಮನೆಮನೆಗಳಲ್ಲಿ ಒಂದಿಷ್ಟು ಗಲಾಟೆ ನಡೆಯಿತು. ಕುರಿ ಯಾರು ನೋಡಬೇಕು ಎಂದು ಮಾಳಿಂಗಪ್ಪ ಕೇಳಿದ. “ಕುರಿ ನಿಮ್ಮವೇ ಅವ, ನಿಮ್ಮ ಗುರ್ತ ಹಿಡೀತಾವ, ಹೆದರಬ್ಯಾಡ್ರಿ,” ಎಂದಳು ಅಮೃತಬಾಯಿ. ಊಟದ ಗತಿಯೇನು ಎಂಬ ಪ್ರಶ್ನೆ ಎಲ್ಲ ಮನೆಗಳಲ್ಲೂ ಎದ್ದಿತು. ಹೊರಟ ಸಂಜೆ ಅದನ್ನೇ ಕೇಳಿದ ಆತ್ಮಾರಾಮನಿಗೆ ಕೌಶಲ್ಯಾ ಅಡುಗೆಮನೆಯ ಕಡೆ ಕೈ ತೋರಿಸಿದಳು.

“ಹಿಟ್ಟು ಡಬ್ಬಿಯಾಗ ಅದ. ಕಲ್ಲು ಅಲ್ಲೇ ಅದ. ನಿಮ್ಮ ಫೋಟೊದಾಗ ಭಾಳ ಛಲೋ ಬಂದದ ಅದು.”

“ಅಲ್ಲ, ಈಗs ಯಾಕ ಗಡಿಬಿಡಿ? ನಾ ಹೇಳಿದ ಫೋಟೊ?” ಅವನು ನಿಜವಾಗಿಯೂ ಗಾಬರಿಯಾಗಿದ್ದ. ಹೆಂಡತಿ ಮನೆ ಬಿಟ್ಟು ಹೊರಟಳೆಂದಲ್ಲ, ಚಿತ್ರ ಕೈತಪ್ಪುತ್ತದೆಂದು. “ಬೇಕಾದ್ರ ದಂಡಿಗಿ ಹೋಗಬ್ಯಾಡ್ರಿ. ಊರು ನೋಡಿ ಬರ್ರಿ. ಸಮುದ್ರ ಒಂದು ಬಾಕಿ ಇಟಗೋರಿ.”

ಬೋರ್ಡು ಹಾಕಿಕೊಂಡ ಬಸ್ಸು ದೂಳೆಬ್ಬಿಸುತ್ತ ಬಂತು. ಅವತ್ತು ಅವಳು ಬಾಗಿಲಿಗೆ ನೀರು ಹಾಕಿರಲಿಲ್ಲ.

ಮುಂಬೈಯಲ್ಲಿ ಅವರನ್ನು ಕರೆದೊಯ್ಯಲು ಯಾರೂ ಇರಲಿಲ್ಲ, ಅದೇನೂ ಕಷ್ಟವಾಗಲಿಲ್ಲ. ಹಿಂದಿ ಬರುತ್ತಿತ್ತು, ಮರಾಠಿ ಅರ್ಧ ಬರುತ್ತಿತ್ತು, ಜಗಳ ಪೂರ್ತಿ ಬರುತ್ತಿತ್ತು. ಟ್ಯಾಕ್ಸಿಯವನು ಅಮೃತಬಾಯಿಯ ಬಾಯಿಗೆ ಹೆದರಿ ಸರಿಯಾದ ಜಾಗಕ್ಕೇ ತಂದು ಇಳಿಸಿದ. ಅಲ್ಲಿ ತಗಡು ಇರಲಿಲ್ಲ.

ಕೌಶಲ್ಯಾ ಸಮುದ್ರ ನೋಡಿದಾಗ ಅವಳ ಮುಖ ಹೇಗಿತ್ತು ಎಂದು ಹೇಳಲು ಬರುವುದಿಲ್ಲ. ಯಾರೂ ಅವಳ ಮುಖ ನೋಡುತ್ತಿರಲಿಲ್ಲ. ಎಲ್ಲರೂ ಸಮುದ್ರ ನೋಡುತ್ತಿದ್ದರು.

ಸೀರೆ ಒದ್ದೆಯಾಗುವಷ್ಟು ಹೊತ್ತು ನಿಂತರು. ಪಾತ್ರೆ ತೊಳೆಯುವುದಿರಲಿಲ್ಲವಾಗಿ ಕೂತೂ ಕೂತರು. ಒಬ್ಬಾಕೆ ನೀರು ಬಾಯಿಗೆ ಹಾಕಿಕೊಂಡು, “ಇಷ್ಟು ಉಪ್ಪು ಯಾರ ಹಾಕ್ಯಾರೆ, ಇವರ ಗಂಡಸರು ಬೈಯಲ್ಲೇನು?” ಎಂದಳು. ಅಮೃತಬಾಯಿ ಚಪ್ಪಲಿ ಒಂದನ್ನು ಅಲೆಗೆ ಕೊಟ್ಟು ಇನ್ನೊಂದನ್ನು ಕೈಯಲ್ಲಿ ಹಿಡಿದು ಸಮುದ್ರಕ್ಕೆ ಬೈದಳು. ಹೊತ್ತು ಇಳಿಯುತ್ತಿದ್ದಾಗ ಕೌಶಲ್ಯಾ ಮೊಬೈಲು ತೆಗೆದಳು. ಎಲ್ಲರೂ ಸಾಲಾಗಿ ನೀರಿನಲ್ಲಿ ನಿಂತಿದ್ದರು, ಅವಳ ಕಡೆಗೆ ಬೆನ್ನು ಮಾಡಿ. ಫೋಟೊ ಎನ್ನುತ್ತಲೇ ತಿರುಗಲು ಹೋದರು.

“ತಿರುಗಬ್ಯಾಡ್ರಿ. ಹಂಗೇ ನಿಂದ್ರಿ. ಸಮುದ್ರ ಕಡಿಗೇ ನೋಡ್ರಿ.”

ತೆಗೆದಳು. ಗಂಡನಿಗೆ ಕಳಿಸಿದಳು. ಅವಳು ಓದಿದ್ದು ತೆಲುಗು ಶಾಲೆಯಲ್ಲಿ, ಕನ್ನಡ ಬರೆಯಲು ಬಾರದು, ಹಾಗಾಗಿ ಮೊಬೈಲನ್ನು ಬಾಯಿಯ ಹತ್ತಿರ ಹಿಡಿದು ಹೇಳಿದಳು: “ರೀ, ಇದ್ರಾಗ ನಾ ಯಾರಂತ ಗುರ್ತ ಹಿಡೀರಿ. ಸರಿಯಾಗಿ ಹೇಳಿದ್ರ ನಾಳೀನs ಬರ್ತೀನಿ. ಇಲ್ಲಂದ್ರ ಇನ್ನೊಂದೆರಡು ದಿನ ಇದ್ದು ಬರ್ತೀನಿ.”

ಉತ್ತರ ಬರಲು ತಡವಾಯಿತು. ಈ ಸಲ ಅವನು ಹುಷಾರಾಗಿ ನೋಡಿರಬೇಕು, ಹಿಗ್ಗಿಸಿ ನೋಡಿರಬೇಕು. ಕೊನೆಗೆ ಅವನ ದನಿ ಬಂತು. ಕೌಶಲ್ಯಾ ಎಲ್ಲರಿಗೂ ಕೇಳುವಂತೆ ಹಚ್ಚಿದಳು.

“ಎಡಗಡಿಂದ ಮೂರನೇದಾಕಿ. ಕೈಯಾಗ ಚಪ್ಪಲಿ ಹಿಡದಾಕಿ. ನಿನ್ನ ಗುರ್ತ ನನಗ ಸಿಗಲ್ಲೇನು? ನಿಂತಿದ್ದು ನೋಡೇ ಹೇಳಿದೆ. ಆದ್ರ ಫೋಟೊ ಭಾರಿ ಬಂದದ. ಯಾರ ತೆಗದಾರ? ಪೇಜಿಗಿ ಹಾಕ್ಲಾ?”

“ಅಯ್ಯ ನನ್ನವ್ವ!” ಅಮೃತಬಾಯಿ ಚಪ್ಪಲಿಯಿಂದಲೇ ಹಣೆ ಬಡಿದುಕೊಂಡಳು. “ಈ ವಯಸ್ಸಿನಾಗ ಇನ್ನೊಂದು ಗಂಡನ ಕಟಗೊಂಡೆನಲ್ಲ! ನಂಗ ಬ್ಯಾಡ ತಾಯಿ, ಇವನ ಜಾಕೀಟ ಒಗೀಲಾಕ ಆಗಲ್ಲ.”

ನಕ್ಕು ನಕ್ಕು ಇಬ್ಬರು ನೀರಿನಲ್ಲೇ ಕೂತುಬಿಟ್ಟರು. ಕೌಶಲ್ಯಾ ಮತ್ತೆ ಮೊಬೈಲನ್ನು ಬಾಯಿಯ ಹತ್ತಿರ ತಂದಳು.

“ಹಾಕ್ರಿ. ಯಾರೋ ಒಬ್ಬಾಕಿ ತೆಗದಾಳ, ಹೆಸರ ಗೊತ್ತಿಲ್ಲಂತ ಬರೀರಿ. ನಾ ಇನ್ನೆರಡು ದಿನ ಬಿಟ್ಟು ಬರ್ತೀನಿ.”

ದಂಡೆಯ ಮೇಲೆ ಕಾಲು ತೊಳೆದುಕೊಳ್ಳಲು ಒಂದು ನಳವಿತ್ತು. ನೀರು ಚೆನ್ನಾಗಿಯೇ ಬರುತ್ತಿತ್ತು. ಕೌಶಲ್ಯಾ ಕಾಲು ತೊಳೆದುಕೊಂಡಳು. ಆಚೆ ಭೇಲ್‌ಪುರಿಯ ಗಾಡಿಯ ಮುಂದೆ ಅಮೃತಬಾಯಿ ಆಗಲೇ ಜಗಳ ತೆಗೆದಿದ್ದಳು, ಉಳ್ಳಾಗಡ್ಡಿ ಇನ್ನಷ್ಟು ಹಾಕೆಂದು.